ಇನ್‌ಸ್ಪೆಕ್ಟ್ ಅಂದರೆ

ಮಾರ್ಚ್ 4, ಸೋಮವಾರ

ಕಟ್ಟಡದ ಕಂಪನಿಯಿಂದ ಕಾಗದ ಬಂದಿದೆ. ಇನ್ನು ಮುಂದೆ ನಮ್ಮ ಪ್ರತಿ ಬೆಲ್ಟಿನ ಒಳಮಗ್ಗುಲಿಗೂ ಅವರು ಅಚ್ಚು ಹಾಕಿಸಿ ಕಳಿಸುವ ಬಟ್ಟೆಯ ಚೀಟಿ ಹೊಲಿಯಬೇಕಂತೆ. ಚೀಟಿಯಲ್ಲಿ ಒಂದು ನಂಬರು, ಅದರ ಪಕ್ಕದಲ್ಲಿ ಇಂಗ್ಲಿಷಿನ ಒಂದೇ ಸಾಲು: ಐ ಹ್ಯಾವ್ ಇನ್‌ಸ್ಪೆಕ್ಟೆಡ್ ದಿಸ್ ಬೆಲ್ಟ್. ಕೆಳಗೆ ನನ್ನ ಸಹಿ. ಇಷ್ಟು ವರ್ಷ ಹಳದಿ ದಾರದ ಒಂದು ಗಂಟು ಹಾಕಿ ಕಳಿಸುತ್ತಿದ್ದೆ. ಎತ್ತರದಲ್ಲಿ ನೇತಾಡಿಕೊಂಡು ಬಣ್ಣ ಬಳಿಯುವವರು, ಗಾಜು ಒರೆಸುವವರು, ತಂತಿ ಎಳೆಯುವವರು ಬೆಲ್ಟು ಕೈಗೆ ತೆಗೆದುಕೊಂಡರೆ ಮೊದಲು ಆ ಗಂಟು ಹುಡುಕುತ್ತಿದ್ದರು. ಈಗ ಅದು ಸಾಲದಂತೆ.

ಅರ್ಥ ಗೊತ್ತಿಲ್ಲದ ಮಾತಿನ ಕೆಳಗೆ ಸಹಿ ಹಾಕುವ ಹೆಂಗಸು ನಾನಲ್ಲ. ಸೊಸೆಯನ್ನು ಕರೆದು ಕೇಳಿದೆ.

“ನೋಡೋದು ಅಂತ, ಅತ್ತೆ.”

“ನೋಡೋದಕ್ಕೆ ಲುಕ್ ಅಂತ ಇದೆ, ಸೀ ಅಂತ ಇದೆ. ಹೈಸ್ಕೂಲಲ್ಲಿ ನಾನೂ ಓದಿದೀನಿ. ಮತ್ತೆ ಇಷ್ಟುದ್ದದ ಪದ ಯಾಕೆ ಬೇಕಾಯ್ತು ಅವರಿಗೆ?”

 ಹೋಗಿ ದಪ್ಪ ನಿಘಂಟು ತಂದಳು. ಅದರ ಮೇಲೆ ಒಂದು ಬೆರಳು ಧೂಳಿತ್ತು. ಪುಸ್ತಕ ಓದಿದ ಸೊಸೆಯ ಮನೆಯ ಪುಸ್ತಕ ನೋಡಿ! ಬೆರಳಿಟ್ಟು ಓದಿ ಹೇಳಿದಳು.

“ಬರೀ ನೋಡೋದಲ್ಲ ಅತ್ತೆ. ಕಣ್ಣು ಆ ಕಡೆ ತಿರುಗಿಸಿದ್ರೆ ಲುಕ್ ಆಯ್ತು. ತಾನಾಗೇ ಕಂಡ್ರೆ ಸೀ. ಇದು ಹಾಗಲ್ಲ. ಇದರಲ್ಲಿ ಎಲ್ಲೋ ತಪ್ಪಿದೆ ಅಂತ ಮೊದಲೇ ಅಂದ್ಕೊಂಡು, ಅದನ್ನ ಹುಡುಕ್ತಾ ನೋಡ್ಬೇಕು. ನಂಬಿಕೆ ಇಟ್ಕೊಂಡು ನೋಡಿದ್ರೆ ಅದು ಇನ್‌ಸ್ಪೆಕ್ಟ್ ಆಗಲ್ಲ.”

“ಹಾಗಾದ್ರೆ ಹದಿನಾಲ್ಕು ವರ್ಷದಿಂದ ನಿನ್ನ ಇನ್‌ಸ್ಪೆಕ್ಟ್ ಮಾಡ್ತಾನೇ ಇದೀನಲ್ಲ.”

ಅವಳು ನಕ್ಕಳು. ತಮಾಷೆ ಎಂದುಕೊಂಡಳೋ ಏನೋ.

ಮಾರ್ಚ್ 7, ಗುರುವಾರ

ಹೊಸ ಪದ ಬಾಯಿಗೆ ಹೊಂದುವವರೆಗೂ ಬಿಡಬಾರದು. ಮೂರು ದಿನದಿಂದ ಬಳಸುತ್ತಿದ್ದೇನೆ. ಮಗ ಊಟಕ್ಕೆ ಕೂತಾಗ ಅವನ ಉಗುರು ಇನ್‌ಸ್ಪೆಕ್ಟ್ ಮಾಡಿದೆ. ನಲವತ್ತೆರಡು ವರ್ಷದ ಗಂಡಸು ಎದ್ದು ಹೋಗಿ ಕೈ ತೊಳೆದು ಬಂದ. ಪದದಲ್ಲಿ ಶಕ್ತಿ ಇದೆ.

ಆಕಾಶವನ್ನು ಇನ್‌ಸ್ಪೆಕ್ಟ್ ಮಾಡುತ್ತೇನೆ ಎನ್ನಬಹುದೇ ಎಂದು ಕೇಳಿದೆ. ಆಗುವುದಿಲ್ಲವಂತೆ, ಆಕಾಶದಲ್ಲಿ ತಪ್ಪು ಕಂಡರೂ ಯಾರೂ ಏನೂ ಮಾಡುವ ಹಾಗಿಲ್ಲ. ಮಾಡಿದವರೊಬ್ಬರು ಇರಬೇಕು, ಆಮೇಲೆ ನೋಡುವವರೊಬ್ಬರು ಇರಬೇಕು, ಸರಿಯಿಲ್ಲ ಎಂದು ವಾಪಸು ಕಳಿಸುವ ಅಧಿಕಾರ ನೋಡುವವರಿಗೆ ಇರಬೇಕು. ಹಾಗಿದ್ದರೆ ಈ ಮನೆಯಲ್ಲಿ ಆ ಪದ ನನ್ನದೇ.

ನಮ್ಮ ಯಜಮಾನರ ಅಣ್ಣ ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ಸತ್ತಾಗ ಬೆಲ್ಟು ಮೈಮೇಲೇ ಇತ್ತು. ಅದರ ಹೊಲಿಗೆ ಬಿಟ್ಟುಕೊಂಡಿತ್ತು. ಇವರು ಆ ಬೆಲ್ಟನ್ನು ಊಟದ ಮೇಜಿನ ಮೇಲೆ ಹರಡಿ ಎಣಿಸಿದರು: ಹತ್ತೊಂಬತ್ತು ಹೊಲಿಗೆ, ಅದೂ ಹತ್ತಿಯ ದಾರ. ಹತ್ತಿ ಮೊದಲೇ ಭಾರ ತಾಳದು, ಮೇಲಾಗಿ ಬಿಸಿಲು ಮಳೆಗೆ ಒಳಗೊಳಗೇ ಲಡ್ಡು ಹಿಡಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಮರುವರ್ಷವೇ ಈ ಕಾರ್ಖಾನೆ ಶುರುವಾಯಿತು. ಕಪ್ಪು ಪಟ್ಟಿ, ಹಳದಿ ನೈಲಾನ್ ದಾರ. ಕಪ್ಪಿನ ಮೇಲೆ ಹಳದಿ ಯಾಕೆಂದರೆ ಎಣಿಸಲು. ಉಂಗುರದ ಎರಡೂ ಬದಿಗೆ ಪೆಟ್ಟಿಗೆಯಾಕಾರದ ಹೊಲಿಗೆ, ಒಂದೊಂದು ಪೆಟ್ಟಿಗೆಗೆ ನಲವತ್ತೆರಡು. ಮೂವತ್ತೊಂದು ವರ್ಷದಲ್ಲಿ ನಮ್ಮ ಒಂದು ಬೆಲ್ಟೂ ಯಾರ ಕೈಯನ್ನೂ ಬಿಟ್ಟಿಲ್ಲ.

ಇವರು ಹೋದ ಮೇಲೆ ಐದು ವರ್ಷದಿಂದ ಈ ಬರವಣಿಗೆ. ಬರೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ. ಮನೆಯ ಯಜಮಾನಿಯ ಮನಸ್ಸನ್ನು ಮನೆಯವರು ಓದಬಾರದು.

ಮಾರ್ಚ್ 15, ಶುಕ್ರವಾರ

ಈ ವರ್ಷದ ಡೈರಿಯ ಗೆರೆಗಳನ್ನು ತೀರ ತೆಳುವಾಗಿ ಅಚ್ಚು ಮಾಡಿದ್ದಾರೆ, ಜಿಪುಣರು. ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲಿನ ದೀಪವನ್ನೂ ಮೂರನೆಯ ಸಲ ಬದಲಾಯಿಸಿದೆ. ಈಗಿನ ಬಲ್ಬುಗಳು ಉರಿಯುತ್ತವೆ, ಬೆಳಕು ಕೊಡುವುದಿಲ್ಲ.

ಸೊಸೆ ಕೇಳದೆಯೇ ದಪ್ಪ ನಿಬ್ಬಿನ ಪೆನ್ನು ತಂದುಕೊಟ್ಟಳು. “ಚೀಟಿ ಮೇಲೆ ಸಹಿ ಚೆನ್ನಾಗಿ ಕಾಣ್ಲಿ ಅಂತ” ಎಂದಳು. ಆಮೇಲೆ ಬಾಗಿಲ ಬಳಿ ನಿಂತು, “ಅತ್ತೆ, ನಾನೂ ಕಣ್ಣು ತೋರಿಸ್ಕೋಬೇಕು. ಒಟ್ಟಿಗೇ ಹೋಗಿಬರೋಣ್ವಾ?”

“ನಿನ್ನ ಕಣ್ಣು ಕೆಟ್ಟಿದ್ರೆ ನೀನು ಹೋಗು.”

ಹೋದಳು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವಳ ಕಾಲ ಬರಲು ಅವಸರವಾಗಿದೆ.

ನಾನು ಹೊಲಿಗೆಯನ್ನು ಕಣ್ಣಿಂದ ಎಣಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೆಬ್ಬೆರಳಿನ ಉಗುರು ಹೊಲಿಗೆಯ ಮೇಲೆ ಓಡಿಸಿದರೆ ಸಾಕು, ನಲವತ್ತೆರಡು ಸಲ ಟಿಕ್ ಎನ್ನಬೇಕು. ನನ್ನ ಉಗುರಿಗೆ ಇರುವ ಬುದ್ಧಿ ಇವರ ತಲೆಗಿಲ್ಲ.

ಮಾರ್ಚ್ 23, ಶನಿವಾರ

ದಾರದ ಹೊಸ ಉಂಡೆ ಬಿಚ್ಚಿದಾಗಲೆಲ್ಲ ತುದಿ ಸುಟ್ಟು ನೋಡುವುದು ಇವರು ಮಾಡಿದ ನಿಯಮ. ನೈಲಾನ್ ಆದರೆ ಕರಗಿ ಮಣಿಯಾಗುತ್ತದೆ. ಹತ್ತಿಯಾದರೆ ಬೂದಿ, ಕಾಗದ ಸುಟ್ಟ ವಾಸನೆ. ಇವತ್ತು ಸುಡಲು ಹೋಗಿ ಬೆರಳು ಸುಟ್ಟುಕೊಂಡೆ. ಕಡ್ಡಿಯ ಬೆಂಕಿ ಎಲ್ಲಿಯೋ ಇದೆ ಎಂದುಕೊಂಡರೆ ಎಲ್ಲಿಯೋ ಇತ್ತು. ಬೆಂಕಿಪೊಟ್ಟಣದವರೂ ಕೆಟ್ಟರು.

ದೊಡ್ಡ ಮಿಷನ್ನಿನವಳು, ಎಲ್ಲರೂ ಉದ್ದಕ್ಕ ಎನ್ನುವವಳು, ಓಡಿಬಂದು ಕೈಗೆ ನೀರು ಹಾಕಿದಳು. ಇಪ್ಪತ್ತು ವರ್ಷದಿಂದ ಪೆಟ್ಟಿಗೆ ಹೊಲಿಗೆ ಹಾಕುವುದು ಅವಳೊಬ್ಬಳೇ. ಆಳು ಕಂಬದ ಹಾಗೆ, ಬಾಗಿಲಲ್ಲಿ ಬಗ್ಗಿ ಬರಬೇಕು. ಅದಕ್ಕೇ ಆ ಹೆಸರು. “ಇನ್ಮೇಲೆ ಸುಡೋ ಕೆಲಸ ನಂಗೆ ಬಿಡಿ ಅಮ್ಮಾ” ಎಂದಳು.

“ನಿನಗೆ ಬಿಟ್ಟರೆ ನನ್ನನ್ನೂ ಸುಡ್ತೀಯ.”

ಎಲ್ಲರೂ ನಕ್ಕರು. ಸುಡುವ ನಿಯಮವನ್ನೇ ಕೈಬಿಟ್ಟೆ. ಇಷ್ಟು ವರ್ಷ ಒಂದೇ ಅಂಗಡಿಯ ದಾರ, ಒಂದು ಸಲವೂ ಮೋಸವಾಗಿಲ್ಲ. ನಂಬಿಕೆ ಎಂಬುದೂ ಒಂದಿದೆ.

ಏಪ್ರಿಲ್ 2, ಮಂಗಳವಾರ

ಇಲ್ಲಿ ಏನೋ ನಡೆಯುತ್ತಿದೆ.

ನಾನು ನೋಡಿ ಸಹಿ ಹಾಕಿದ ಬೆಲ್ಟುಗಳು ನನ್ನ ಮೇಜಿನಿಂದ ನೇರ ಮುಂದಿನ ಬಾಗಿಲಿಗೆ ಹೋಗಬೇಕು. ಹೋಗುತ್ತಿಲ್ಲ. ಹಿಂದಿನ ಕೋಣೆಗೆ ಹೋಗುತ್ತಿವೆ. ಯಾಕೆ ಎಂದರೆ ಚೀಲಕ್ಕೆ ತುಂಬಲು ಅಂತ ಸೊಸೆಯ ಉತ್ತರ. ಚೀಲಕ್ಕೆ ತುಂಬಲು ಒಂದು ಗಂಟೆ ಬೇಕೇ? ಇವತ್ತು ಎದ್ದು ಆ ಕಡೆ ಹೋದೆ. ಒಳಗೆ ಸೊಸೆಯದೂ ಉದ್ದಕ್ಕನದೂ ಪಿಸುಮಾತು. ನಾನು ಕಾಲಿಟ್ಟ ಕೂಡಲೇ ಕತ್ತರಿ ಕೆಳಗೆ ಬಿದ್ದ ಸದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

“ಏನ್ ಮಾಡ್ತಿದೀರಿ ಇಬ್ಬರೂ?”

“ಮಡಚ್ತಿದೀವಿ ಅತ್ತೆ.”

ಮಡಚಲು ಕತ್ತರಿ ಬೇಡ. ನಾನು ಮೂರ್ಖಳಲ್ಲ.

ಏಪ್ರಿಲ್ 10, ಬುಧವಾರ

ಮೆಟ್ಟಿಲ ಮೇಲೆ ಯಾರೋ ಪೆಟ್ಟಿಗೆ ಇಟ್ಟಿದ್ದರು, ಎಡವಿದೆ. ಅಲ್ಲಿ ಪೆಟ್ಟಿಗೆ ಇರಲೇ ಇಲ್ಲ, ಅದು ಮೆಟ್ಟಿಲೇ ಎಂದು ಮಗ ವಾದಿಸಿದ. ತಾಯಿಗೆ ಎದುರು ಮಾತು.

ಮೊಣಕಾಲು ಊದಿದೆ. ಹೆಚ್ಚು ಬರೆಯಲಾರೆ.

ಏಪ್ರಿಲ್ 18, ಗುರುವಾರ

ಹಿಡಿದೆ.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದವಳು ಅರ್ಧ ದಾರಿಯಿಂದ ತಿರುಗಿ ಬಂದು ಹಿಂದಿನ ಕೋಣೆಯ ಬಾಗಿಲು ತಳ್ಳಿದೆ. ಉದ್ದಕ್ಕ ಕಿಟಕಿಯ ಕೆಳಗೆ ಕೂತು ನಾನು ಸಹಿ ಹಾಕಿದ ಬೆಲ್ಟಿನ ಹೊಲಿಗೆ ಬಿಚ್ಚುತ್ತಿದ್ದಳು. ಕೈಹಾಕಿ ಮುಟ್ಟಿ ನೋಡಿದೆ. ಪೆಟ್ಟಿಗೆಯ ಒಂದು ಬದಿ ಪೂರ್ತಿ ಬಿಚ್ಚಿತ್ತು.

“ಇದು ನನ್ನ ಸಹಿ ಆದ ಮಾಲು.”

“ಹೌದಮ್ಮಾ.”

“ನಾನು ಪಾಸು ಮಾಡಿದ್ದನ್ನ ಬಿಚ್ಚೋಕೆ ನೀನ್ಯಾರೇ?”

 ಸೊಸೆ ನಡುವೆ ಬಂದಳು. “ಅತ್ತೆ, ಸಿಟ್ಟು ಮಾಡ್ಬೇಡಿ, ನಾನೇ ಹೇಳಿದ್ದು...” ಅವಳನ್ನು ಸುಮ್ಮನಿರಿಸಿದೆ. ಆಗ ಉದ್ದಕ್ಕ ಎದ್ದು ನಿಂತಳು. ಅವಳು ಎದ್ದರೆ ಕಿಟಕಿಯ ಬೆಳಕೇ ಹೋಗುತ್ತದೆ.

“ಅಮ್ಮಾ, ನನ್ನ ಗಂಡ ಮೇಲೆ ಹತ್ತೋನು. ಅವನ ಸೊಂಟಕ್ಕೆ ಇರೋದು ಈ ಬೆಲ್ಟೇ. ನಾನು ಒಂದ್ಸಲ ನೋಡ್ದೇ ಕಳಿಸಲ್ಲ. ಬೈಯ್ರಿ, ಹೊಡೀರಿ.”

“ನನ್ನ ಕಣ್ಣಿನ ಮೇಲೆ ನಿನ್ನ ಕಣ್ಣು ಬೇಕಾ?”

“ಬೇಕಮ್ಮಾ” ಎಂದಳು, ಮೆಲ್ಲಗೆ. ಎಷ್ಟು ಸೊಕ್ಕು! ಅನ್ನ ಹಾಕಿದ ಮನೆಯ ಗಳ ಎಣಿಸುವ ಜನ.

ಇವತ್ತೇ ಅವಳ ಲೆಕ್ಕ ಮುಗಿಸಿ ಕಳಿಸಿದೆ. ಹಿಂದಿನ ಕೋಣೆಗೆ ಬೀಗ. ಸೊಸೆಗೆ ಕಾರ್ಖಾನೆಯೊಳಗೆ ಕಾಲಿಡಬೇಡ ಎಂದಿದ್ದೇನೆ, ಕಾಗದಪತ್ರ ಮನೆಯಲ್ಲೇ ಬರೆಯಲಿ. ಇನ್ನು ನನ್ನ ಮೇಜು, ನನ್ನ ಸಹಿ, ಮುಂದಿನ ಬಾಗಿಲು. ಮಧ್ಯೆ ಯಾರೂ ಇಲ್ಲ.

ಏಪ್ರಿಲ್ 29, ಸೋಮವಾರ

ದೊಡ್ಡ ಮಿಷನ್ನಿಗೆ ಹೊಸಬಳು ಬಂದಿದ್ದಾಳೆ. ಕೈ ಚುರುಕು, ಬಾಯಿ ಇಲ್ಲ. ನನಗೆ ಬೇಕಾದದ್ದೂ ಅದೇ.

ದಾರದ ಕಪಾಟನ್ನು ಇಷ್ಟು ದಿನ ಉದ್ದಕ್ಕ ಜೋಡಿಸುತ್ತಿದ್ದಳು, ಈ ಸಲದ ಮಾಲನ್ನು ನಾನೇ ಜೋಡಿಸಿದ್ದೇನೆ. ಮೇಲಿನ ಅರೆಯಲ್ಲಿ ಬೆಲ್ಟಿನ ದಾರ, ಕೆಳಗಿನದರಲ್ಲಿ ಚೀಲ ಹೊಲಿಯುವ ಮೇಣ ಸವರಿದ ದಾರ. ಬೀಗದ ಕೈ ನನ್ನ ಸೊಂಟದಲ್ಲಿ. ಹೊಸಬಳು ದಾರ ಮುಗಿಯಿತು ಎಂದು ಬಂದಾಗ ಮೇಲಿನ ಅರೆಯಿಂದ ಎರಡು ಉಂಡೆ ತೆಗೆದುಕೊಟ್ಟೆ. ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು.

“ಏನು? ಜನ್ಮದಲ್ಲಿ ದಾರ ನೋಡಿಲ್ವಾ?”

“ಇದೇನಾ ಅಮ್ಮಾ?”

“ಇದೇ.”

ಹೋದಳು. ಇವರಿಗೆಲ್ಲ ಎರಡೆರಡು ಸಲ ಹೇಳಬೇಕು.

ಮೇ 2, ಗುರುವಾರ

ಕಂಪನಿಯ ಅರವತ್ತು ಬೆಲ್ಟು ಮುಗಿದವು. ಮೂರು ದಿನ ಕೂತಲ್ಲಿಂದ ಏಳಲಿಲ್ಲ. ಒಂದೊಂದನ್ನೂ ಮಡಿಲಲ್ಲಿ ಹಾಕಿಕೊಂಡು ಉಗುರು ಓಡಿಸಿದೆ. ಎಲ್ಲದರಲ್ಲೂ ನಲವತ್ತೆರಡು. ಹೊಸಬಳ ಹೊಲಿಗೆ ಉದ್ದಕ್ಕನದಕ್ಕಿಂತ ಸಮ. ದಾರ ಮಾತ್ರ ಈ ಸಲ ಸ್ವಲ್ಪ ಒರಟು, ಅಂಗಡಿಯವನಿಗೆ ಹೇಳಿಸಬೇಕು.

ಅರವತ್ತು ಸಹಿ. ಹಾಕುವಾಗಲೆಲ್ಲ ಆ ಸಾಲನ್ನು ಬಾಯಲ್ಲಿ ಹೇಳಿಕೊಂಡೆ. ನಾನು ಇದನ್ನು ಇನ್‌ಸ್ಪೆಕ್ಟ್ ಮಾಡಿದ್ದೇನೆ. ಹೇಳುತ್ತ ಹೇಳುತ್ತ ಒಂದು ಬಗೆಯ ಗತ್ತು ಬಂದಿತು.

ಬೆಳಿಗ್ಗೆಯಿಂದ ಕಾಗದ ಸುಟ್ಟ ವಾಸನೆ. ಹೊಲಿಗೆಯ ತುದಿಯನ್ನು ಕಾದ ಅಲಗಿನಿಂದ ಅಂಟಿಸುವವಳ ಕಡೆಯಿಂದ ಬರುತ್ತಿತ್ತು. ಕಸ ಸುಡುವುದಿದ್ದರೆ ಹೊರಗೆ ಹೋಗಿ ಸುಡಿ ಎಂದು ಗದರಿದೆ.  ನಾಲ್ಕು ಮಿಷನ್ನುಗಳೂ ಒಂದು ಕ್ಷಣ ನಿಂತವು, ಮತ್ತೆ ಶುರುವಾದವು.

ಸಂಜೆ ಸೊಸೆ ಬಾಗಿಲ ಹೊರಗೇ ನಿಂತು, “ಅತ್ತೆ, ನಾಳೆ ಬಂಡಿ ಬರೋ ಮುಂಚೆ ಒಂದು ಹತ್ತು ಬೆಲ್ಟು ನಾನು ನೋಡ್ಲಾ? ಬರೀ ಹತ್ತು” ಎಂದಳು. 

“ಒಂದೂ ಬೇಡ.”

ಅಳುತ್ತಿದ್ದಳೇನೋ. ಮುಖ ಕಾಣಲಿಲ್ಲ, ಬಾಗಿಲಲ್ಲಿ ಬೆಳಕು ಹಿಂದಿನಿಂದ ಬರುತ್ತಿತ್ತು.

ಮೇ 6, ಸೋಮವಾರ

 ಇದನ್ನು ಬರೆಯಲೇಬೇಕು.

ಹತ್ತು ಗಂಟೆಗೆ ಹೊಸಬಳು ಬಂದು, “ಅಮ್ಮಾ, ಆ ಬಿಳಿ ದಾರ ಇನ್ನೊಂದು ಉಂಡೆ ಕೊಡಿ” ಎಂದಳು.

“ಯಾವ ಬಿಳಿ ದಾರ?”

“ಅರವತ್ತು ಬೆಲ್ಟಿಗೆ ಕೊಟ್ರಲ್ಲ, ಅದೇ.”

ಗುರುವಾರದ ವಾಸನೆ ಮೂಗಿಗೆ ಬಂತು. ಅಲ್ಲಿಂದ ಬಂದದ್ದಲ್ಲ, ನೆನಪಿನಿಂದ ಬಂದದ್ದು. ಉಳಿದ ತುಂಡು ತರಿಸಿ ನಾನೇ ಕಡ್ಡಿ ಗೀರಿದೆ. ಬೆರಳು ಸುಟ್ಟರೂ ಬಿಡಲಿಲ್ಲ. ಕರಗಲಿಲ್ಲ. ಕೈಯಲ್ಲಿ ಬೂದಿ. ಚೀಲ ಹೊಲಿಯುವ ಹತ್ತಿ ದಾರವನ್ನೇ ಮೇಲಿನ ಅರೆಯಲ್ಲಿ ಜೋಡಿಸಿದ್ದೆ.

“ಬಿಳಿ ಅಂತ ಯಾಕೆ ಹೇಳ್ಲಿಲ್ಲ?”

ಹೊಸಬಳು ಅಳತೊಡಗಿದಳು. ತುದಿ ಅಂಟಿಸುವವಳು ಕೂತಲ್ಲಿಂದಲೇ ಹೇಳಿದಳು: “ಹೇಗೆ ಹೇಳೋದಮ್ಮಾ? ಉದ್ದಕ್ಕ ಹೇಳಿದ್ದಕ್ಕೇ ತಾನೇ ಹೋಗಿದ್ದು.”

ಬೈಯಲು ಬಾಯಿ ತೆರೆದೆ. ಯಾರನ್ನು ಎಂದು ತಿಳಿಯಲಿಲ್ಲ.

ಸೊಸೆಯನ್ನು ಕರೆಸಿ ಕಂಪನಿಗೆ ಫೋನು ಮಾಡಿಸಿದೆ. ಅಲ್ಲಿಯ ಮೇಸ್ತ್ರಿ ನಗುತ್ತಲೇ ಮಾತಾಡಿದ. “ಅಮ್ಮಾ, ಶನಿವಾರವೇ ಹಂಚಿಬಿಟ್ಟಿದೀವಿ. ನಾಲ್ಕು ಕಡೆ ಕೆಲಸ ನಡೀತಿದೆ. ಜನ ಮೇಲಿದಾರೆ. ಚೀಟಿ ಮೇಲೆ ನಿಮ್ಮ ಸಹಿ ಇದೆಯಲ್ಲ, ಇನ್ನೇನು?”

“ಇಳಿಸು. ಎಲ್ಲರನ್ನೂ ಇಳಿಸು.”

“ಆದ್ರೆ ಸಹಿ...”

“ಸಹಿ ಸುಡಲಿ. ಇಳಿಸಯ್ಯಾ ಅವರನ್ನ!”

ಮೇ 7, ಮಂಗಳವಾರ

ಮೂವತ್ತೆಂಟು ಬಂದಿವೆ. ಸೊಸೆ ಒಂದೊಂದರ ನಂಬರು ಓದಿ ಗುರುತು ಹಾಕುತ್ತಿದ್ದಾಳೆ.

ಮಧ್ಯಾಹ್ನ ಉದ್ದಕ್ಕ ಬಂದಳು. ಬಗ್ಗಿ ಒಳಗೆ ಬಂದು ಒಂದು ಬೆಲ್ಟನ್ನು ನನ್ನ ಮೇಜಿನ ಮೇಲೆ ಹಾಕಿದಳು. ಅವಳ ಗಂಡನಿಗೆ ಶನಿವಾರ ಕೊಟ್ಟದ್ದಂತೆ. ಬಣ್ಣ ಬಳಿಯುವ ಅವನು ನಿನ್ನೆ ಸಂಜೆ ಮನೆಗೆ ತಂದ, ಇವಳು ನೋಡಿದಳು, ಹಳೆಯದನ್ನೇ ಕಟ್ಟಿಕೊ ಎಂದಳು. ಹೆಂಡತಿ ನೋಡದ ಬೆಲ್ಟನ್ನು ಅವನು ಕಟ್ಟುವುದಿಲ್ಲವಂತೆ.

“ಎಷ್ಟು ದಿನದಿಂದ ನೋಡ್ತಿದ್ದೆ ನೀನು?”

“ಒಂದು ವರ್ಷ ಆಯ್ತಮ್ಮಾ.”

“ನಾನು ಪಾಸು ಮಾಡಿದ್ರಲ್ಲಿ ಎಷ್ಟು ಬಿಚ್ಚಿದೆ?”

ಸೊಸೆಯ ಕಡೆ ನೋಡಿದಳೆಂದು ತೋರುತ್ತದೆ. 

“ಹದಿನೇಳು.”

ಹದಿನೇಳು.

“ಇನ್ನೂ ಬರ್ಬೇಕಾದ್ದು ಎಷ್ಟು?” ಎಂದು ಅವಳೇ ಕೇಳಿದಳು. ಗಂಡನ ಸೈಕಲ್ಲಿನಲ್ಲಿ ಅವನನ್ನೂ ಕೂರಿಸಿಕೊಂಡು ಹೊರಟಳು. ಎತ್ತರದ ಕೆಲಸದವರು ಎಲ್ಲೆಲ್ಲಿ ಇಳಿದುಕೊಳ್ಳುತ್ತಾರೆಂದು ಅವರಿಗೆ ಗೊತ್ತು. ನೀರು ಕೂಡ ಕೇಳಲಿಲ್ಲ. ನಾನೂ ಕೊಡಲಿಲ್ಲ, ತೋಚಲಿಲ್ಲ.

ಮೇ 8, ಬುಧವಾರ

ಐವತ್ತೊಂಬತ್ತು.

ಇಪ್ಪತ್ತಮೂರನೆಯ ನಂಬರು ಇಲ್ಲ. ಯಾರಿಗೆ ಕೊಟ್ಟದ್ದು ಎಂದು ಮೇಸ್ತ್ರಿಗೆ ಗೊತ್ತಿಲ್ಲ. ಶನಿವಾರ ಒಬ್ಬ ಬಂದು ಕೆಲಸ ಕೇಳಿದನಂತೆ, ಒಂದು ದಿನ ಮಾಡಿದನಂತೆ, ಬೇರೆ ಕಡೆ ಹೆಚ್ಚು ಕೊಡುತ್ತಾರೆಂದು ಬೆಲ್ಟಿನ ಸಮೇತ ಹೋದನಂತೆ. ಗಾಜು ಒರೆಸುವವನು. ಹೆಸರನ್ನೂ ಬರೆದುಕೊಂಡಿಲ್ಲ.

ಈ ಪಟ್ಟಣದಲ್ಲಿ ಗಾಜಿನ ಕಟ್ಟಡಗಳು ಎಷ್ಟಿವೆ ಎಂದು ಮಗನನ್ನು ಕೇಳಿದೆ. “ಎಣಿಸಿದವರು ಯಾರಮ್ಮಾ” ಎಂದ.

ಮೇ 9, ಗುರುವಾರ

ಊಟ ಸೇರಲಿಲ್ಲ. ಬೀದಿಯಲ್ಲಿ ಏನಾದರೂ ದಡ್ ಎಂದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಎದುರು ಅಂಗಡಿಯವನು ದಿನಾ ಬೆಳಿಗ್ಗೆ ಮೂಟೆ ಇಳಿಸುತ್ತಾನೆ. ಇಷ್ಟು ವರ್ಷ ಆ ಸದ್ದು ಕೇಳಿಸಿರಲೇ ಇಲ್ಲ.

ಗಾಜು ಒರೆಸಲು ಜನ ಇಟ್ಟುಕೊಳ್ಳುವ ಎಲ್ಲ ಕಂಪನಿಗಳಿಗೂ ಕಾಗದ ಕಳಿಸಬೇಕೆಂದೆ. ಸೊಸೆ ಇಂಗ್ಲಿಷಿನಲ್ಲಿ ಬರೆದು ಅರ್ಥ ಹೇಳಿದಳು: ದಾರದಲ್ಲಿ ಸಣ್ಣ ವ್ಯತ್ಯಾಸ ಆಗಿರುವ ಸಂಭವವಿದೆ ಎಂದು. ನನ್ನ ಮಾನ ಉಳಿಸಲು ಹಾಗೆ ಬರೆದಿದ್ದಳು.

“ಇದನ್ನ ಹರಿ. ಇಪ್ಪತ್ತಮೂರನೇ ಬೆಲ್ಟಿನ ಚೀಟಿ ಸುಳ್ಳು, ಅದನ್ನ ನಾನು ಇನ್‌ಸ್ಪೆಕ್ಟ್ ಮಾಡಿಲ್ಲ ಅಂತ ಬರಿ.”

“ಮಾಡಿಲ್ಲ ಅಂತ ಯಾಕೆ ಅತ್ತೆ? ಮೂರು ದಿನ ಕೂತು ನೋಡಿದ್ರಲ್ಲ.”

“ತಪ್ಪಿದೆ ಅಂದ್ಕೊಂಡು ನೋಡಿದ್ರೆ ತಾನೇ ಅದು? ನೀನೇ ಹೇಳಿದ್ದು. ನಾನು ಸರಿ ಇದೆ ಅಂದ್ಕೊಂಡು ಮುಟ್ಟಿದೆ.”

ಅವಳು ಅದನ್ನೇ ಬರೆದಳು. ಇಪ್ಪತ್ತಾರು ಕಾಗದ. ಸಹಿ ಹಾಕುವಾಗ ಸಾಲು ಎಲ್ಲಿ ಎಂದು ಕೇಳಬೇಕಾಯಿತು. ನನ್ನ ಕೈ ಹಿಡಿದು ಕಾಗದದ ಮೇಲೆ ಇಟ್ಟಳು. ಇಪ್ಪತ್ತಾರು ಸಲವೂ ಹಾಗೇ ಇಟ್ಟಳು. ಅವಳ ಅಂಗೈ ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಕತ್ತರಿ ಹಿಡಿದ ಗುರುತು.

ಮೇ 11, ಶನಿವಾರ

ಬೆಳಿಗ್ಗೆ ಯಾರೋ ಒಬ್ಬ ಬಾಗಿಲಲ್ಲಿ ನಿಂತು ಕೆಮ್ಮಿದ.

“ಅಮ್ಮಾ, ಬೆಲ್ಟು ಹೊಲಿಯೋದು ಇಲ್ಲೇ ತಾನೇ? ಒಂದು ಹೊಲಿಗೆ ಹಾಕ್ಕೊಡಿ, ಸ್ವಲ್ಪ ಸಡಿಲ ಆಗಿದೆ. ಕೆಲಸಕ್ಕೆ ಹೊತ್ತಾಯ್ತು.”

ಸಣ್ಣ ವಯಸ್ಸಿನ ದನಿ. ಯಾವ ಕಾಗದವೂ, ಯಾವ ಫೋನೂ ಅವನನ್ನು ಮುಟ್ಟಿರಲಿಲ್ಲ. ಹೊಲಿಗೆ ಬಿಟ್ಟುಕೊಂಡಿತು, ಹೊಲಿದವರ ಹತ್ತಿರ ತಂದ, ಅಷ್ಟೇ. ಸೊಸೆ ಚೀಟಿ ತಿರುಗಿಸಿ ನೋಡಿ, “ಅತ್ತೆ” ಎಂದಳು. ನಂಬರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಕೈಗೆ ತೆಗೆದುಕೊಂಡೆ. ಉಂಗುರದ ಒಂದು ಬದಿಯ ಪೆಟ್ಟಿಗೆ ಪೂರ್ತಿ ಇಲ್ಲ, ನೂಲಿನ ಎಳೆಗಳು ಮಾತ್ರ. ಇನ್ನೊಂದು ಬದಿಯ ಮೇಲೆ ಉಗುರು ಓಡಿಸಿದೆ. ಹನ್ನೊಂದು. ಮತ್ತೆ ಓಡಿಸಿದೆ. ಹನ್ನೊಂದೇ.

“ಹೇಗಾಯ್ತು ಇದು?”

“ನಿನ್ನೆ ಹದಿನಾಲ್ಕನೇ ಮಹಡಿಯಲ್ಲಿ ಕಾಲು ಜಾರ್ತು, ನೇತಾಡಿಬಿಟ್ಟೆ.” ನಗುತ್ತಿದ್ದ. “ಪಟಪಟ ಅಂತ ಸದ್ದಾಯ್ತು. ಗೆಳೆಯ ಎಳ್ಕೊಳ್ಳೋವರೆಗೂ ಹಂಗೇ ಇದ್ದೆ. ಆದ್ರೆ ನಿಮ್ಮ ಸಹಿ ಇತ್ತಲ್ಲ, ಅದಕ್ಕೇ ಅಷ್ಟು ಹೆದರ್ಲಿಲ್ಲ.”

ಕೂರು ಎಂದೆ. ಎಲ್ಲವನ್ನೂ ಹೇಳಿದೆ. ಉಳಿದಿರುವುದು ಹನ್ನೊಂದೇ ಹೊಲಿಗೆ, ದಾರ ಹತ್ತಿಯದು, ಕೊಟ್ಟವಳು ನಾನು, ನೋಡಿದೆ ಎಂದು ಸಹಿ ಹಾಕಿದವಳು ನಾನು, ನನಗೆ ಕಣ್ಣು ಕಾಣುವುದಿಲ್ಲ.

ಕಣ್ಣು ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಿಷನ್ನುಗಳೆಲ್ಲ ನಿಂತಿದ್ದವು.

 “ಹನ್ನೊಂದು ಅಂದ್ರಾ?” ಎಂದ. ಎದ್ದು ಅಂಗಳಕ್ಕೆ ಹೋದ. ಅಲ್ಲಿ ಗೋಡೆ ಹಿಡಿದು ವಾಂತಿ ಮಾಡಿದ್ದು ಒಳಗೆ ಕೇಳಿಸಿತು. ಬೆಲ್ಟುಗಳನ್ನು ಹುಡುಕಿ ತಂದಂದಿನಿಂದ ಮತ್ತೆ ಕೆಲಸಕ್ಕೆ ಬರುತ್ತಿರುವ ಉದ್ದಕ್ಕ ನೀರು ತೆಗೆದುಕೊಂಡು ಹೋದಳು. ಮತ್ತೆ ಒಳಗೆ ಬರಲಿಲ್ಲ ಅವನು. ಬಯ್ದಿದ್ದರೆ ಚೆನ್ನಾಗಿತ್ತು.

ಕಪಾಟಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಉದ್ದಕ್ಕನ ಮುಂದೆ ಹಿಡಿದೆ. “ಇನ್ನು ಸಹಿ ನಿಂದು.”

“ಅಯ್ಯೋ, ಬೇಡಮ್ಮಾ. ಆ ಚೀಟಿ ನಂಗೆ ಓದೋಕೇ ಬರಲ್ಲ.”

“ಓದೋಕೆ ಬರೋಳು ಹಾಕಿದ್ದು ಸಾಕು. ನಿನಗೆ ನೋಡೋಕೆ ಬರುತ್ತಲ್ಲ.”

ತೆಗೆದುಕೊಂಡಳು. ಎಷ್ಟು ಹಗುರವಾಗಿತ್ತು ಆ ಬೀಗದ ಕೈ! ಇಷ್ಟು ವರ್ಷ ಭಾರ ಎಂದುಕೊಂಡಿದ್ದೆ.

ಇಲ್ಲಿಗೆ ಮುಗಿಯಿತೆಂದು ಮನೆಗೆ ಬಂದು ಕೂತೆ. ಮುಗಿದಿಲ್ಲ. ಕೂತ ಮೇಲೆ ತಲೆಗೆ ಬಂತು. ಉದ್ದಕ್ಕ ನನ್ನ ಹಿಂದೆ ನೋಡಲು ಶುರುಮಾಡಿದ್ದು ಒಂದು ವರ್ಷದಿಂದ. ಅವಳಿಗೆ ಗೊತ್ತಾದದ್ದು ಆಗ. ನನ್ನ ಕಣ್ಣು ಮಂಜಾದದ್ದು ಯಾವಾಗ? ಅದಕ್ಕೂ ಎಷ್ಟು ಮೊದಲು? ಒಂದು ವರ್ಷಕ್ಕೆ ಹದಿನೇಳಾದರೆ, ಅದರ ಹಿಂದಿನ ವರ್ಷದ ಹದಿನೇಳು ಎಲ್ಲಿವೆ? ಅವುಗಳನ್ನು ಬಿಚ್ಚಿ ಹೊಲಿದವರು ಯಾರೂ ಇಲ್ಲ. ಅವು ಇವತ್ತು ಯಾರ ಸೊಂಟದಲ್ಲಿವೆ, ಎಷ್ಟನೆಯ ಮಹಡಿಯಲ್ಲಿ?

ಹೇಳಬಲ್ಲ ಸಾಕ್ಷಿ ಒಂದೇ ಇದೆ, ಅದು ಈ ಪೆಟ್ಟಿಗೆಯೊಳಗಿದೆ. ಐದು ವರ್ಷದ ಡೈರಿ. ನನ್ನ ಅಕ್ಷರ ಯಾವ ತಿಂಗಳಿಂದ ಗೆರೆ ಬಿಟ್ಟು ಇಳಿಯತೊಡಗಿತೋ, ಯಾವ ಪುಟದಿಂದ ದಪ್ಪವಾಯಿತೋ, ಆ ದಿನದಿಂದೀಚೆಗೆ ನಾನು ಕಳಿಸಿದ ಒಂದೊಂದು ಬೆಲ್ಟನ್ನೂ ವಾಪಸು ತರಿಸಬೇಕು. ನನಗೆ ಅದು ಕಾಣುವುದಿಲ್ಲ. ಬೇರೆ ಕಣ್ಣು ಬೇಕು. ಇದರಲ್ಲಿ ಅವಳ ಬಗ್ಗೆ ನಾನು ಬರೆದದ್ದೆಲ್ಲ ಇದೆ. ಇರಲಿ.

ಸೊಸೆಯನ್ನು ಕೂಗಿ ಐದೂ ಡೈರಿ ತೆಗೆಸಿ ಮೇಜಿನ ಮೇಲೆ ಇಡಿಸಿದೆ. ಇದೊಂದು ಬರೆದು ಮುಗಿಸಿ ಕೊಡುತ್ತೇನೆ ಎಂದೆ. ಎದುರಿಗೆ ಕೂತು ಕಾಯುತ್ತಿದ್ದಾಳೆ.

“ಇವನ್ನ ನಾನು ಓದ್ಬಹುದಾ ಅತ್ತೆ?” ಎಂದು ಈಗ ತಾನೇ ಕೇಳಿದಳು.

“ಓದ್ಬೇಡ” ಎಂದೆ. “ಇನ್‌ಸ್ಪೆಕ್ಟ್ ಮಾಡು.”